ಗುಣ, ಗುಣಾಕಾರ, ಗುಣಮುಖ

ಕನ್ನಡದಲ್ಲಿ ಗುಣ ಎಂದರೆ ಸ್ವಭಾವ. ಕಾಯಿಲೆ ವಾಸಿಯಾದರೂ ಗುಣವಾಯಿತು ಎನ್ನುತ್ತೇವೆ. ಲೆಕ್ಕದ ಪುಸ್ತಕಕ್ಕೆ ಹೋದರೆ ಅದೇ ಮಾತು ಗುಣಾಕಾರ. ಆಟಗಾರ ಕಲ್ಪನಾಲೋಕದ ಪಾತ್ರವೊಂದಾಗಿ ಆಡುವ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಐವತ್ತು ವರ್ಷಗಳಿಂದ ನಡೆದಿರುವ ಜಗ್ಗಾಟವೂ ಈ ಮೂರರದ್ದೇ: ಪಾತ್ರಕ್ಕೆ ಇರಬೇಕಾದ ಗುಣಗಳು ಯಾವುವು, ಪೆಟ್ಟಿನ ಲೆಕ್ಕ ಹೇಗೆ, ಗಾಯ ಗುಣವಾಗಲು ತೆರಬೇಕಾದ ಬೆಲೆ ಎಷ್ಟು. ಮೂರೂ ಒಂದೇ ಗಂಟಿನ ಎಳೆಗಳು. ಒಂದನ್ನು ಸಡಿಲಿಸಲು ಹೋದವರೆಲ್ಲ ಇನ್ನೆರಡನ್ನು ಬಿಗಿ ಮಾಡಿಟ್ಟು ಬಂದಿದ್ದಾರೆ. ಹೊಸ ಆಟವೊಂದರ ಪಾತ್ರದ ಪುಟ ತೆರೆದ ಕೂಡಲೇ ತಲೆ ಗಿರ್ರೆನ್ನುವುದು ಅದಕ್ಕೇ.

ಮೊದಲಿಗೆ ಗಾಯ ಎಂಬುದೇ ಇರಲಿಲ್ಲ, ಸಾವು ಮಾತ್ರ ಇತ್ತು. 1971ರ 'ಚೈನ್‌ಮೇಲ್' ಎಂಬ ಮೇಜಿನ ಮೇಲಿನ ಯುದ್ಧದಾಟದಲ್ಲಿ ಸಾಮಾನ್ಯ ಸೈನಿಕನಿಗೆ ಒಂದು ಪೆಟ್ಟು ತಾಗಿತೆಂದರೆ ಅವನ ಕಥೆ ಮುಗಿಯಿತು. ಹೆಸರಿಟ್ಟು ಬೆಳೆಸಿದ ಪಾತ್ರ ಹಾಗೆ ಒಂದೇ ಏಟಿಗೆ ಹೋಗುವುದು, ಆ ನಿಯಮಗಳನ್ನು ತಮ್ಮ ಫ್ಯಾಂಟಸಿ ಆಟಕ್ಕೆ ಬಳಸುತ್ತಿದ್ದ ಡೇವ್ ಆರ್ನೆಸನ್ ಅವರ ಆಟಗಾರರಿಗೆ ಹಿಡಿಸಲಿಲ್ಲ. ಆರ್ನೆಸನ್ ನೌಕಾಯುದ್ಧದ ಆಟದಿಂದ ಒಂದು ಉಪಾಯವನ್ನು ಎರವಲು ತಂದರು: ಮುಳುಗುವ ಮೊದಲು ಹಡಗು ಇಷ್ಟು ಏಟು ತಡೆಯುತ್ತದೆ ಎಂಬ ಲೆಕ್ಕ. ಹಡಗಿನ ತಾಳಿಕೆ ಹೀಗೆ ಮನುಷ್ಯನ ಮೈಗೆ ಬಂದು ಹಿಟ್ ಪಾಯಿಂಟ್ ಆಯಿತು. ಹಡಗಿಗೆ ನೋವಾಗುವುದಿಲ್ಲ ಎಂಬುದನ್ನು ಆಗ ಯಾರೂ ದೊಡ್ಡದು ಮಾಡಲಿಲ್ಲ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಪಾತ್ರಕ್ಕೆ ಆರು ಗುಣಗಳನ್ನು ಕೊಟ್ಟಿತು: ಬಲ, ಬುದ್ಧಿ, ವಿವೇಕ, ಮೈಗಟ್ಟು, ಚುರುಕು, ವರ್ಚಸ್ಸು. ಮೂರು ದಾಳ ಉರುಳಿಸಿದರೆ 3ರಿಂದ 18ರೊಳಗೆ ಏನು ಬೀಳುತ್ತದೋ ಅದೇ ಹಣೆಬರಹ. ಚಾಕುವಾಗಲಿ ಕೊಡಲಿಯಾಗಲಿ, ಪೆಟ್ಟಿಗೆ ಆರು ಮುಖದ ಒಂದೇ ದಾಳ. ಆಯುಧಕ್ಕೊಂದು ದಾಳ ಬಂದದ್ದು ಮರುವರ್ಷದ ಪುರವಣಿಯಲ್ಲಿ. ವಿಶ್ರಾಂತಿಯಿಂದ ಗಾಯ ಮಾಯಲು ದಿನಗಟ್ಟಲೆ ಬೇಕಿದ್ದರಿಂದ ಮಂತ್ರದಿಂದ ಗಾಯ ಮಾಯಿಸುವ ಪುರೋಹಿತ ತಂಡಕ್ಕೊಬ್ಬ ಬೇಕೇ ಬೇಕಾಯಿತು. ಎಲ್ಲರಿಗೂ ಬೇಕು, ಆದರೆ ತಾನೇ ಆಗಲು ಹೆಚ್ಚಿನವರಿಗೆ ಮನಸ್ಸಿಲ್ಲ ಎಂಬ, ಗುಣಪಡಿಸುವವನ ಅಂದರೆ ಹೀಲರ್‌ನ ಪಾಡು ಶುರುವಾದದ್ದು ಅಲ್ಲಿಂದ.

ಕಂಪ್ಯೂಟರಿಗೆ ಬಂದ ಮೇಲೆ ಆಟಗಾರರು ಮೊದಲು ಕಂಡುಹಿಡಿದದ್ದು ಬೆಲೆ ತಪ್ಪಿಸುವ ದಾರಿಯನ್ನು. 1981ರ 'ವಿಜರ್ಡ್ರಿ'ಯ ತಂಗುದಾಣದಲ್ಲಿ ಕುದುರೆ ಲಾಯ ಪುಕ್ಕಟೆ. ಅಲ್ಲಿ ಮಲಗಿದರೆ ಮಂತ್ರಶಕ್ತಿ ಮರಳುತ್ತಿತ್ತು, ಗಾಯ ಮಾತ್ರ ಹಾಗೇ ಇರುತ್ತಿತ್ತು. ಗಾಯ ಮಾಯಿಸುವ ಕೋಣೆಗೆ ಚಿನ್ನ ಕೊಡಬೇಕು, ಜೊತೆಗೆ ವಯಸ್ಸೂ ಏರುತ್ತದೆ. ಜನ ಏನು ಮಾಡಿದರು? ಪುರೋಹಿತನನ್ನು ಲಾಯದಲ್ಲಿ ಮಲಗಿಸಿ, ಎಬ್ಬಿಸಿ, ಅವನ ಮಂತ್ರದಿಂದ ಎಲ್ಲರ ಗಾಯ ಮಾಯಿಸಿ, ಮತ್ತೆ ಲಾಯಕ್ಕೆ ಕಳಿಸಿದರು. 1987ರ ಮೊದಲ 'ಫೈನಲ್ ಫ್ಯಾಂಟಸಿ'ಯಲ್ಲಿ ಅನುಭವದ ಮೆಟ್ಟಿಲು, ಅಂದರೆ ಲೆವೆಲ್, ಏರಿದಂತೆ ಮಾಂತ್ರಿಕನ ಬುದ್ಧಿಯೂ ಏರುತ್ತಿತ್ತು. ಪ್ರೋಗ್ರಾಮಿನ ದೋಷದಿಂದಾಗಿ ಆ ಬುದ್ಧಿ ಯಾವ ಮಂತ್ರದ ಲೆಕ್ಕಕ್ಕೂ ಸೇರುತ್ತಿರಲಿಲ್ಲ. ಪರದೆಯ ಮೇಲಿನ ಅಂಕಿಯನ್ನು ನಂಬುವವರು ಈ ಸಂಗತಿಯನ್ನು ಮರೆಯಬಾರದು. ಮುಂದೆ 'ಡಯಾಬ್ಲೊ' ಬಂತು, ಉಳಿದ ಪ್ರಾಣ ತೋರಿಸುವ ಕೆಂಪು ಗೋಳ ಬರಿದಾದಾಗೆಲ್ಲ ಮದ್ದಿನ ಸೀಸೆ ಎತ್ತಿದರೆ ಆಯಿತು. 1999ರ 'ಎವರ್‌ಕ್ವೆಸ್ಟ್‌'ನಲ್ಲಿ ಪೂರ್ತಿ ಗಾಯ ಮಾಯಿಸುವ ಮಂತ್ರಕ್ಕೆ 10 ಸೆಕೆಂಡ್ ಬೇಕಿತ್ತು. ಪುರೋಹಿತರು ಸರದಿ ಕಟ್ಟಿಕೊಂಡು, ಸೆಕೆಂಡ್ ಎಣಿಸುತ್ತ ಒಬ್ಬರಾದ ಮೇಲೊಬ್ಬರು ಅದನ್ನು ಹಾಕುತ್ತಿದ್ದರು.

ಗಂಟು ನಿಜಕ್ಕೂ ಬಿಗಿಯಾದದ್ದು 2004ರಲ್ಲಿ ಬಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌'ನಲ್ಲಿ. ಪೆಟ್ಟು ತಿನ್ನಲು ಟ್ಯಾಂಕ್, ಗುಣಪಡಿಸಲು ಹೀಲರ್, ಹೊಡೆಯಲು ಉಳಿದವರು. ಇಲ್ಲಿ ಕವಚದ ಲೆಕ್ಕವನ್ನು ಬಿಡಿಸಿ ನೋಡಲೇಬೇಕು. 60ನೇ ಲೆವೆಲ್‌ನ ಶತ್ರು ಹೊಡೆದಾಗ ಕವಚದ ಅಂಕವನ್ನು, ಅದೇ ಅಂಕಕ್ಕೆ 5,500 ಕೂಡಿಸಿ ಬಂದ ಮೊತ್ತದಿಂದ ಭಾಗಿಸಬೇಕು; ಬಂದ ಪಾಲಿನಷ್ಟು ಪೆಟ್ಟು ಕಡಿತ. ಕವಚ 5,500 ಇದ್ದರೆ ಪೆಟ್ಟಿನಲ್ಲಿ ಅರ್ಧ ಕಡಿತ. 11,000 ಇದ್ದರೆ ಮೂರರಲ್ಲಿ ಎರಡು ಪಾಲು ಕಡಿತ. ಶೇಕಡಾವಾರು ನೋಡಿದರೆ ಎರಡನೇ 5,500 ದಂಡ ಅನ್ನಿಸುತ್ತದೆ. ಅದು ಕಣ್ಣಿನ ಮೋಸ. ಬರಿಮೈಯಲ್ಲಿ ಹತ್ತು ಪೆಟ್ಟು ತಡೆಯುವವನು ಮೊದಲ ಕವಚದಲ್ಲಿ ಇಪ್ಪತ್ತು ತಡೆದರೆ, ಎರಡನೆಯದರಲ್ಲಿ ಮೂವತ್ತು ತಡೆಯುತ್ತಾನೆ. ಏರಿಕೆ ಎರಡು ಸಲವೂ ಸಮ.

ಹೀಲರ್‌ಗೆ ಇದಕ್ಕಿಂತ ದೊಡ್ಡ ಸಂಗತಿ ಬೇರೆ ಇದೆ. ಒಬ್ಬ ಟ್ಯಾಂಕ್‌ಗೆ 20,000 ಹೆಲ್ತ್ (ಹಿಟ್ ಪಾಯಿಂಟಿಗೆ ಇಲ್ಲಿನ ಹೆಸರು), ಮೈಮೇಲೆ ಕವಚವಿಲ್ಲ ಎಂದಿಟ್ಟುಕೊಳ್ಳಿ. ಇನ್ನೊಬ್ಬನಿಗೆ 10,000 ಹೆಲ್ತ್, ಜೊತೆಗೆ ಅರ್ಧ ಪೆಟ್ಟು ತಡೆಯುವ ಕವಚ. ಗುಣಪಡಿಸುವವರು ಇಲ್ಲದಿದ್ದರೆ ಇಬ್ಬರೂ ಸಾಯುವುದು ಒಂದೇ ಹೊತ್ತಿಗೆ. ಆದರೆ ಅಷ್ಟೇ ಹೊಡೆತ ತಿಂದ ಮೇಲೆ ಮತ್ತೆ ತುಂಬಿಸಲು ಎರಡನೆಯವನಿಗೆ ಅರ್ಧ ಮಾನಾ, ಅಂದರೆ ಅರ್ಧ ಮಂತ್ರಶಕ್ತಿ, ಸಾಕು. ಹೆಲ್ತ್ ಹೆಚ್ಚಿದರೆ ಕೊಡ ದೊಡ್ಡದಾಗುತ್ತದೆ, ಕವಚ ಹೆಚ್ಚಿದರೆ ಕೊಡದ ತೂತು ಸಣ್ಣದಾಗುತ್ತದೆ. ನೀರು ಹೊರುವವರಿಗೆ ಯಾವುದು ಹಿತ ಎಂದು ಬೇರೆ ಹೇಳಬೇಕಿಲ್ಲ.

ಆ ನೀರಿಗೂ ಮಿತಿಯಿತ್ತು. ಕೊನೆಯ ಮಂತ್ರ ಹಾಕಿ ಐದು ಸೆಕೆಂಡ್ ಕಳೆಯುವವರೆಗೆ ಸ್ಪಿರಿಟ್ ಎಂಬ ಗುಣದಿಂದ ಮಾನಾ ಮರಳುತ್ತಿರಲಿಲ್ಲ. ಹಾಗಾಗಿ ಒಳ್ಳೆಯ ಹೀಲರ್‌ನ ಕಸುಬಿನಲ್ಲಿ ಅರ್ಧ ಪಾಲು ಸುಮ್ಮನಿರುವುದೇ ಆಗಿತ್ತು: ಬೇಕೆಂದೇ ಹಳೆಯ, ಕೆಳದರ್ಜೆಯ ಮಂತ್ರ ಹಾಕುವುದು, ಕೈ ಕಟ್ಟಿ ಐದು ಎಣಿಸುವುದು, ಅರ್ಧ ಹೆಲ್ತ್‌ಗಿಳಿದ ಗೆಳೆಯನನ್ನು ನೋಡಿಯೂ ಈಗಲೇ ಬೇಡ ಎಂದು ತಡೆದುಕೊಳ್ಳುವುದು. ಹೊರಗಿನಿಂದ ನೋಡಿದವರಿಗೆ ಇದು ಸೋಮಾರಿತನವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಅದೇ ಆಟಕ್ಕೆ ಹೊಸ ಭಾಗ ಸೇರಿಸಿದ 2008ರ ವಿಸ್ತರಣೆಯ ಹೊತ್ತಿಗೆ ಮಾನಾ ಹೆಚ್ಚುಕಡಿಮೆ ಮುಗಿಯದ ಕಣಜವಾಯಿತು. ಗುಣಪಡಿಸುವುದು ಅಗ್ಗವಾದ ಮೇಲೆ ಕೊಲ್ಲಲು ಉಳಿದ ದಾರಿ ಒಂದೇ, ಹೀಲರ್ ಕಣ್ಣು ಮಿಟುಕಿಸುವಷ್ಟರಲ್ಲಿ ಕೊಲ್ಲುವುದು. ಶತ್ರುಗಳ ಪೆಟ್ಟು ಉಬ್ಬಿತು, ಟ್ಯಾಂಕ್‌ಗಳು ಎರಡು ಮೂರು ಹೊಡೆತಕ್ಕೆ ಒರಗತೊಡಗಿದರು. ಗಾಯವಿರಲಿ ಇಲ್ಲದಿರಲಿ ಎಲ್ಲರ ಮೇಲೂ ಮಂತ್ರ ಸುರಿಯುತ್ತಲೇ ಇರಬೇಕಾಯಿತು, ಅದರಲ್ಲಿ ಬಹುಪಾಲು ತುಂಬಿದ ಕೊಡಕ್ಕೆ ಹೊಯ್ದ ನೀರು. ಇದನ್ನು ಸರಿಪಡಿಸಲೆಂದೇ 2010ರ ಡಿಸೆಂಬರಿನ ವಿಸ್ತರಣೆ ಎಲ್ಲರ ಹೆಲ್ತನ್ನು ಬಹಳ ಏರಿಸಿ, ಮಂತ್ರಗಳನ್ನು ದುಬಾರಿ ಮಾಡಿತು. ಗಾಯಾಳು ಒಂದಿಷ್ಟು ಹೊತ್ತು ಗಾಯಾಳುವಾಗಿಯೇ ಇರಲಿ, ಯಾರಿಗೆ ಮೊದಲು ಎಂದು ಹೀಲರ್ ಯೋಚಿಸಲಿ ಎಂಬುದು ಉದ್ದೇಶ. ಉದ್ದೇಶ ಚೆನ್ನಾಗಿಯೇ ಇತ್ತು. ಆದರೆ ಎರಡು ವರ್ಷ ಬೇರೆ ಪಾಠ ಕಲಿತ ಕೈಗಳು ಒಂದೇ ತಿಂಗಳಲ್ಲಿ ಹೊಸದನ್ನು ಕಲಿಯಲಿಲ್ಲ. ದೂರು ಹೆಚ್ಚಿತು, ಸಮರ್ಥನೆ ಬಂತು, ಒಂದು ವರ್ಷ ಮುಗಿಯುವುದರೊಳಗೆ ತಂಡ ಕಟ್ಟಿ ಇಳಿಯುವ ಗುಹೆಗಳು ಮತ್ತೆ ಸುಲಭವಾದವು.

ಅಷ್ಟರಲ್ಲಿ ಅಂಕಿಗಳು ಬೇರೊಂದು ಗೋಡೆಯತ್ತ ಓಡುತ್ತಿದ್ದವು. ಋಣಸಂಖ್ಯೆಯನ್ನೂ ಹಿಡಿದಿಡುವ 32 ಬಿಟ್‌ನ ಪೂರ್ಣಾಂಕ ಸುಮಾರು 214 ಕೋಟಿ 74 ಲಕ್ಷದಾಚೆ ಎಣಿಸಲಾರದು. ಪ್ರತಿ ವಿಸ್ತರಣೆಯಲ್ಲೂ ಅಂಕಿಗಳನ್ನು ಗುಣಿಸುತ್ತ ಹೋದರೆ ಇನ್ನೇನಾದೀತು! 2014ರಲ್ಲಿ ಎಲ್ಲವನ್ನೂ ಒಟ್ಟಿಗೆ ಕುಗ್ಗಿಸಲಾಯಿತು, 2018ರಲ್ಲೂ 2020ರಲ್ಲೂ ಮತ್ತೆ. ಇದಕ್ಕೂ ಮೊದಲೇ, 2012ರಲ್ಲಿ, ಬುದ್ಧಿಗೂ ಮಾನಾದ ಗಾತ್ರಕ್ಕೂ ಇದ್ದ ನಂಟು ಕಡಿಯಿತು. 2016ರಲ್ಲಿ ಸ್ಪಿರಿಟ್ ಎಂಬ ಗುಣವನ್ನೇ ತೆಗೆದುಹಾಕಲಾಯಿತು. ಆಟ ಸರಳವಾಯಿತು ಎಂದು ಬರೆದವರು ಬಹಳ. ಐದು ಎಣಿಸಿ ಕಾಯುವ ವಿದ್ಯೆ ಬಲ್ಲವರ ಬಗ್ಗೆ ಬರೆದವರು ಕಡಿಮೆ.

ಬೇರೆಯವರು ಬೇರೆ ದಾರಿ ಹಿಡಿದರು. 2011ರ 'ಸ್ಕೈರಿಮ್' ಹಿಂದಿನ ಆಟಗಳ ಎಂಟು ಗುಣಗಳನ್ನು ಕೈಬಿಟ್ಟು ಹೆಲ್ತ್, ಮಾಂತ್ರಿಕಶಕ್ತಿ, ದಮ್ಮು ಎಂಬ ಮೂರು ಪಟ್ಟಿಗಳನ್ನಷ್ಟೇ ಉಳಿಸಿಕೊಂಡಿತು. ಡ್ರ್ಯಾಗನ್ ಬೆಂಕಿ ಉಗುಳುತ್ತಿರುವಾಗ ಆಟ ನಿಲ್ಲಿಸಿ, ಚೀಲ ತೆಗೆದು, ಇದ್ದಬದ್ದ ತಿಂಡಿಯನ್ನೆಲ್ಲ ತಿಂದು ಮುಗಿಸಲು ಅಲ್ಲಿ ಅಡ್ಡಿಯಿಲ್ಲ. ಅದೇ ವರ್ಷದ 'ಡಾರ್ಕ್ ಸೋಲ್ಸ್' ಎಣಿಸಿಟ್ಟ ಗುಟುಕುಗಳ ಸೀಸೆ ಕೊಟ್ಟಿತು. ಅಗ್ಗಿಷ್ಟಿಕೆಯ ಬಳಿ ಕೂತರೆ ಸೀಸೆ ತುಂಬುತ್ತದೆ, ಆದರೆ ಕೊಂದ ಶತ್ರುಗಳಲ್ಲಿ ಹೆಚ್ಚಿನವರು ಎದ್ದು ಬರುತ್ತಾರೆ. ಇಷ್ಟು ನೇರವಾಗಿ ಗುಣಕ್ಕೆ ಬೆಲೆ ಕಟ್ಟಿದ ಆಟಗಳು ವಿರಳ. 2012ರ 'ಗಿಲ್ಡ್ ವಾರ್ಸ್ 2' ಮೀಸಲು ಹೀಲರ್ ಬೇಡ, ಪ್ರತಿಯೊಬ್ಬರೂ ತಮ್ಮ ಗಾಯ ತಾವೇ ನೋಡಿಕೊಳ್ಳಲಿ ಎಂದಿತು. ಮೂರು ವರ್ಷದ ನಂತರ ದೊಡ್ಡ ತಂಡಗಳ ಕಾಳಗ ಸೇರಿಸಿದಾಗ, ಡ್ರೂಯಿಡ್ ಎಂಬ ಪಾತ್ರದ ರೂಪದಲ್ಲಿ ಹೀಲರ್ ಅದೇ ವಿಸ್ತರಣೆಯಲ್ಲಿ ಹಿಂಬಾಗಿಲಿನಿಂದ ಬಂದ. 2015ರ 'ಪಿಲ್ಲರ್ಸ್ ಆಫ್ ಎಟರ್ನಿಟಿ'ಯಲ್ಲಂತೂ ಕತ್ತಿಯ ಏಟಿಗೂ, ಮಂತ್ರದ ಬೆಂಕಿಗೂ, ಗಾಯ ಮಾಯಿಸುವುದಕ್ಕೂ ಕಸುವು ಎಂಬ ಒಂದೇ ಗುಣ. ಒಣಕಲು ಮಾಂತ್ರಿಕನಿಗೆ ಪೈಲ್ವಾನನ ಕಸುವು ಏಕೆ ಎಂಬ ತಕರಾರು ಸಹಜವಾಗಿಯೇ ಎದ್ದಿತು.

2023ರ 'ಬಾಲ್ಡರ್ಸ್ ಗೇಟ್ 3' ಮತ್ತೆ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಮೂಲದ ಆರು ಗುಣಗಳನ್ನೂ ದಾಳವನ್ನೂ ಹಿಡಿದುಕೊಂಡು ಬಂತು. ಅದರಲ್ಲಿ ದೂರದಿಂದಲೇ ಹಾಕುವ ಒಂದು ಪುಟ್ಟ ಮಂತ್ರವಿದೆ: ನಾಲ್ಕು ಮುಖದ ಒಂದು ದಾಳ, ಅದಕ್ಕೊಂದಿಷ್ಟು ಸೇರಿಕೆ. ಅದರಿಂದ ಸಿಗುವ ಹಿಟ್ ಪಾಯಿಂಟ್‌ಗಳು ಒಂದು ಏಟಿಗೂ ಸಾಲವು. ಆದರೆ ಅದು ಸೊನ್ನೆಗಿಳಿದು ಬಿದ್ದವನನ್ನು ಎಬ್ಬಿಸುತ್ತದೆ, ಎದ್ದವನು ಮೊದಲಿನಷ್ಟೇ ಬಲವಾಗಿ ಹೊಡೆಯುತ್ತಾನೆ. ಗಾಯಗೊಂಡವನ ಬಲವೂ ಕುಗ್ಗುವುದಿಲ್ಲ, ಚುರುಕೂ ಇಳಿಯುವುದಿಲ್ಲ. ಆದ್ದರಿಂದ ಪಳಗಿದ ಆಟಗಾರರು ಗೆಳೆಯ ಬೀಳುವವರೆಗೂ ಕಾದು, ಬಿದ್ದ ಮೇಲೆಯೇ ಮಂತ್ರ ಹಾಕುತ್ತಾರೆ. 2024ರಲ್ಲಿ ಪರಿಷ್ಕರಿಸಿದ ಮೇಜಿನಾಟದ ನಿಯಮಗಳು ಆ ಮಂತ್ರಕ್ಕೆ ಇನ್ನೊಂದು ದಾಳ ಸೇರಿಸಿವೆ. ಒಂದೇ ಒಂದು ಹಿಟ್ ಪಾಯಿಂಟ್ ಉಳಿದವನು ಮಾತ್ರ ಈಗಲೂ ಪೂರ್ತಿ ಶಕ್ತಿಯಿಂದಲೇ ಕತ್ತಿ ಬೀಸುತ್ತಿದ್ದಾನೆ, ಮುಳುಗುವವರೆಗೂ ತೇಲುವ ಆ ಹಡಗಿನ ಹಾಗೆ.