ಸ್ತೆಫನನ ರಕ್ತ, ಪೌಲನ 'ನಾನು ನಿರ್ದೋಷಿ'

ಯೆರೂಸಲೇಮಿನ ಊರ ಹೊರಗೆ ಯೇಸುವಿನ ಅನುಯಾಯಿ ಸ್ತೆಫನನ ಮೇಲೆ ಕಲ್ಲು ಬೀಳುತ್ತಿವೆ. ಎಸೆಯುವವರು ತಮ್ಮ ಮೇಲುಹೊದಿಕೆ ಕಳಚಿ ಒಬ್ಬ ಯುವಕನ ಕಾಲ ಬಳಿ ಇಟ್ಟಿದ್ದಾರೆ. ಅವನ ಹೆಸರು ಸೌಲ. ಅವನೂ ಕಲ್ಲೆತ್ತಿದ ಅಂತ ಬೈಬಲಿನ ಅಪೊಸ್ತಲರ ಕೃತ್ಯಗಳ ಪುಸ್ತಕದಲ್ಲಿ ಲೂಕ ಬರೆದಿಲ್ಲ. ಆದರೆ ಈ ಕೊಲೆ ಅವನಿಗೆ ಒಪ್ಪಿಗೆಯಾಗಿತ್ತು ಎಂದು ಸ್ಪಷ್ಟವಾಗಿ ಬರೆದಿದ್ದಾನೆ. ಆಮೇಲೆ ಸೌಲ ಮನೆಮನೆಗೆ ನುಗ್ಗಿ, ಯೇಸುವನ್ನು ನಂಬಿದವರನ್ನು ಗಂಡಸರು ಹೆಂಗಸರು ಅನ್ನದೆ ಎಳೆದುತಂದು ಸೆರೆಗೆ ಹಾಕಿಸಿದ.

ಸುಮಾರು ಇಪ್ಪತ್ತು ವರ್ಷ ಕಳೆಯುತ್ತದೆ. ಅದೇ ಮನುಷ್ಯ ಈಗ ಯೇಸುವನ್ನು ನಂಬಿ, ಸಾರುತ್ತಾ ತಿರುಗುವ ಪೌಲ. ಮಿಲೇತ ಊರಿಗೆ ಎಫೆಸದ ಸಭೆಯ ಹಿರಿಯರನ್ನು ಕರೆಸಿಕೊಂಡು, ಎಲ್ಲರ ರಕ್ತದ ವಿಷಯದಲ್ಲೂ ನಾನು ನಿರ್ದೋಷಿ ಎನ್ನುತ್ತಾನೆ.

ಹಾಗಾದರೆ ಸ್ತೆಫನ?

ಈ ಮಾತಿನ ಬೇರು ಪ್ರವಾದಿ ಯೆಹೆಜ್ಕೇಲನ ಪುಸ್ತಕದ 33ನೇ ಅಧ್ಯಾಯದಲ್ಲಿದೆ. ಊರಿಗೊಬ್ಬ ಕಾವಲುಗಾರ. ಶತ್ರುಗಳ ಕತ್ತಿ ಬರುವುದನ್ನು ಕಂಡೂ ಅವನು ಕೊಂಬು ಊದದಿದ್ದರೆ, ಸತ್ತವರ ರಕ್ತಕ್ಕೆ ಅವನೇ ಹೊಣೆ. ಊದಿದ ಮೇಲೂ ಜನ ಎಚ್ಚರವಾಗದಿದ್ದರೆ ಅವನ ಮೇಲೆ ತಪ್ಪಿಲ್ಲ. ಪೌಲ ಎಫೆಸದಲ್ಲಿ ಮೂರು ವರ್ಷ ಹಗಲೂ ರಾತ್ರಿ ಕಣ್ಣೀರಿಟ್ಟು ಬುದ್ಧಿ ಹೇಳಿದ್ದ. ಅಲ್ಲಿ ಅವನು ಹೇಳಿದ್ದು ಆ ಕಾವಲಿನ ಲೆಕ್ಕ. ತನ್ನ ಇಡೀ ಬದುಕಿಗೆ ತಾನೇ ತೀರ್ಪು ಕೊಟ್ಟುಕೊಂಡದ್ದಲ್ಲ.

ಆದರೆ ಇಷ್ಟಕ್ಕೇ ಮುಗಿಯುವುದಿಲ್ಲ. ಫಿಲಿಪ್ಪಿಯವರಿಗೆ ಬರೆದ ಪತ್ರದ ಮೂರನೇ ಅಧ್ಯಾಯದಲ್ಲಿ ಒಂದೇ ಉಸಿರಿಗೆ ಎರಡು ಮಾತು ಬರುತ್ತವೆ: ಉತ್ಸಾಹದಲ್ಲಿ ಸಭೆಯನ್ನು ಹಿಂಸಿಸಿದವನು, ಯೆಹೂದ್ಯರ ಧರ್ಮಶಾಸ್ತ್ರದ ನೀತಿಯಲ್ಲಿ ನಿರ್ದೋಷಿ. ಓದುವಾಗ ಮೈ ಜುಮ್ಮೆನ್ನುತ್ತದೆ. ಬಟ್ಟೆ ಕಾಯುತ್ತಾ ನಿಂತಿದ್ದಾಗಲೂ ತನ್ನ ಲೆಕ್ಕ ಚೊಕ್ಕವಾಗಿಯೇ ಇತ್ತಲ್ಲ ಎಂದು ಅವನು ಕಂಡುಕೊಂಡಿದ್ದಾನೆ. ಮುಂದಿನ ಸಾಲುಗಳಲ್ಲೇ ಆ ಹೆಗ್ಗಳಿಕೆಯನ್ನೆಲ್ಲ ಕಸ ಎಂದು ಎಸೆಯುತ್ತಾನೆ.

ಮುಂದಿನ ಓದುಗರು ಇದನ್ನು ತಮ್ಮ ತಮ್ಮ ಸಂಕಟದಿಂದ ಓದಿದರು. ಐದನೇ ಶತಮಾನದ ಆರಂಭದಲ್ಲಿ, ಮನುಷ್ಯ ತನ್ನ ಬಲದಿಂದಲೇ ಪಾಪವಿಲ್ಲದೆ ಬಾಳಬಲ್ಲ ಎನ್ನುತ್ತಿದ್ದ ಪೆಲಾಗಿಯಸನ ಜೊತೆ ವಾದ ನಡೆದಿದ್ದಾಗ, ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್, ಪೌಲ ರೋಮಾಪುರದವರಿಗೆ ಬರೆದ ಪತ್ರದ ಏಳನೇ ಅಧ್ಯಾಯದಲ್ಲಿ, ಒಳ್ಳೆಯದನ್ನು ಬಯಸಿಯೂ ಕೆಟ್ಟದ್ದನ್ನೇ ಮಾಡುವ ಸ್ವತಃ ಪೌಲನ ಒಳಜಗಳವನ್ನು ಕಂಡ. ತನ್ನ ಪಾಪದ ಭಯದಲ್ಲಿ ಬೆಂದಿದ್ದ, ಹದಿನಾರನೇ ಶತಮಾನದ ಜರ್ಮನ್ ಸುಧಾರಕ ಮಾರ್ಟಿನ್ ಲೂಥರ್ ಅದನ್ನೇ ಬಿಗಿಯಾಗಿ ಹಿಡಿದು, ನಂಬಿದವನು ಒಂದೇ ಹೊತ್ತಿಗೆ ನೀತಿವಂತನೂ ಹೌದು, ಪಾಪಿಯೂ ಹೌದು ಎಂದ. 1963ರಲ್ಲಿ ಸ್ವೀಡನ್ನಿನ ಲೂಥರನ್ ವಿದ್ವಾಂಸ ಕ್ರಿಸ್ಟರ್ ಸ್ಟೆಂಡಾಲ್ ಈ ಓದನ್ನು ಪ್ರಶ್ನಿಸಿದರು. ಪಶ್ಚಿಮದವರು ತಮ್ಮ ನೊಂದ ಮನಸ್ಸಾಕ್ಷಿಯನ್ನು ಪೌಲನಿಗೆ ಹೊದಿಸಿದ್ದಾರೆ, ಪೌಲನ ಮನಸ್ಸಾಕ್ಷಿ ಗಟ್ಟಿಯಾಗಿಯೇ ಇತ್ತು ಎನ್ನುವುದು ಅವರ ವಾದ. ಅದಕ್ಕೆ ಆಧಾರವೂ ಇದೆ. ಈವರೆಗೂ ಒಳ್ಳೆಯ ಮನಸ್ಸಾಕ್ಷಿಯಿಂದ ಬಾಳಿದ್ದೇನೆ ಎಂದು ಪೌಲ ಯೆಹೂದ್ಯರ ನ್ಯಾಯಸಭೆಯಾದ ಹಿರೀಸಭೆಯ ಮುಂದೆ ಹೇಳಿದ್ದ. ಹೇಳಿದ್ದಕ್ಕೆ ಮಹಾಯಾಜಕ ಅನನೀಯ ಅವನ ಬಾಯಿಗೆ ಹೊಡೆಯಿರಿ ಎಂದ.

ಸ್ಟೆಂಡಾಲ್ ಹೇಳಿದ್ದರಲ್ಲಿ ಅರ್ಧ ನನಗೆ ಒಪ್ಪಿಗೆ. ಮನಸ್ಸಾಕ್ಷಿ ಗಟ್ಟಿ ಇತ್ತು, ಸರಿ. ಮರೆವು ಮಾತ್ರ ಇರಲಿಲ್ಲ. ಹಿರೀಸಭೆಗೆ ನಿಲ್ಲುವ ಹಿಂದಿನ ದಿನವೇ ಯೆರೂಸಲೇಮಿನ ಜನರ ಗುಂಪಿನೆದುರು ಸ್ತೆಫನನ ಹೆಸರು ಹಿಡಿದು, ಕೊಂದವರ ಬಟ್ಟೆ ಕಾದವನು ನಾನೇ ಎಂದಿದ್ದ. ಸಭೆಯನ್ನು ಹಿಂಸಿಸಿದ ನಾನು ಅಪೊಸ್ತಲ ಅನ್ನಿಸಿಕೊಳ್ಳಲು ತಕ್ಕವನಲ್ಲ ಎಂದು ಕೊರಿಂಥದವರಿಗೂ ಬರೆದಿದ್ದ. ಅದೇ ಪತ್ರದಲ್ಲಿ, ನನ್ನಲ್ಲಿ ದೋಷವಿದೆಯೆಂದು ನನಗೆ ತೋರುವುದಿಲ್ಲ, ಆದರೆ ಅಷ್ಟರಿಂದಲೇ ನಾನು ನಿರ್ದೋಷಿಯಾಗಲಿಲ್ಲ ಎನ್ನುತ್ತಾನೆ. ತಪ್ಪು ತನ್ನದೇ, ತೀರ್ಪು ಮಾತ್ರ ದೇವರದು ಎಂಬ ನಿಲುವು ಇದು, ಅಲ್ವಾ?

ಕೆಡುಕನ್ನು ಅನುಭವಿಸಿದವರ ಕಡೆಯಿಂದಲೂ ಒಂದು ಕಥೆ ಇದೆ. ಅದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಸ್ತೆಫನನ ಜೊತೆ ವಿಧವೆಯರಿಗೆ ಊಟ ಹಂಚಲು ಆರಿಸಿದ ಏಳು ಜನರಲ್ಲಿ ಫಿಲಿಪ್ಪನೂ ಒಬ್ಬ. ಆ ಹಿಂಸೆಯಲ್ಲಿ ಯೆರೂಸಲೇಮ್ ಬಿಟ್ಟು ಚದುರಿದವರಲ್ಲಿ ಅವನೂ ಇದ್ದ. ಮಿಲೇತದಲ್ಲಿ ಆ ಮಾತು ಹೇಳಿ ಹಡಗು ಹತ್ತಿದ ಪೌಲ, ಮುಂದೆ ಕೈಸರೈಯದಲ್ಲಿ ಇಳಿದುಕೊಂಡದ್ದು ಇದೇ ಫಿಲಿಪ್ಪನ ಮನೆಯಲ್ಲಿ. ಅಲ್ಲಿ ಬಹಳ ದಿನ ಇದ್ದ. ಮನೆಯಲ್ಲಿ ಫಿಲಿಪ್ಪನ ನಾಲ್ವರು ಹೆಣ್ಣುಮಕ್ಕಳಿದ್ದರು ಎಂದು ಲೂಕ ಬರೆಯುತ್ತಾನೆ. ಸ್ತೆಫನನ ಬಗ್ಗೆ ಆ ಇಬ್ಬರು ಏನು ಮಾತಾಡಿಕೊಂಡರು ಅನ್ನುವುದನ್ನು ಬರೆದಿಲ್ಲ.