ಪ್ರಾರ್ಥನೆ ಬೇಡುತ್ತಿದ್ದ ಸಮಾಧಿಗಳು

ಇಂಗ್ಲೆಂಡಿನ ಕ್ಯಾಂಟರ್‌ಬರಿ ಕೆಥೆಡ್ರಲ್‌ನಲ್ಲಿರುವ ಆರ್ಚ್‌ಬಿಷಪ್ ಹೆನ್ರಿ ಚಿಚೆಲಿಯವರ ಸಮಾಧಿಗೆ ಎರಡು ಅಂತಸ್ತು. ಮೇಲೆ ಧರ್ಮಗುರುವಿನ ನಿಲುವಂಗಿಯಲ್ಲಿ ಕೈಮುಗಿದು ಮಲಗಿದ ಮೂರ್ತಿ. ಕೆಳಗೆ ಅದೇ ಮನುಷ್ಯ, ಬತ್ತಲೆ ಹೆಣವಾಗಿ. ಬಡವನಾಗಿ ಹುಟ್ಟಿದೆ, ಆರ್ಚ್‌ಬಿಷಪ್ ಆದೆ, ಈಗ ಹುಳುಗಳಿಗೆ ಆಹಾರ ಎನ್ನುತ್ತದೆ ಲ್ಯಾಟಿನ್ ಬರಹ. ಚಿಚೆಲಿ ತೀರಿಕೊಂಡದ್ದು 1443ರಲ್ಲಿ. ಸಮಾಧಿ ಮಾತ್ರ 1420ರ ದಶಕದಲ್ಲೇ ಸಿದ್ಧವಾಗಿತ್ತು!

ಇದು ವೈರಾಗ್ಯದ ಪ್ರದರ್ಶನವಷ್ಟೇ ಅಲ್ಲ, ಬೇಡಿಕೆ. ಸತ್ತವರ ಆತ್ಮ ಸ್ವರ್ಗ ಸೇರುವ ಮೊದಲು ಶುದ್ಧೀಕರಣದ ಬೇಗೆ ಅನುಭವಿಸಬೇಕು, ಬದುಕಿರುವವರ ಪ್ರಾರ್ಥನೆಯಿಂದ ಆ ಅವಧಿ ತಗ್ಗುತ್ತದೆ ಎಂಬುದು ಅಂದಿನ ನಂಬಿಕೆ. ದಾರಿಹೋಕರು ಬೆಚ್ಚಿ ನಿಲ್ಲಬೇಕು, ನಿಂತವರು ಪ್ರಾರ್ಥಿಸಬೇಕು. ಚಿಚೆಲಿ 1438ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಆಲ್ ಸೋಲ್ಸ್ ಕಾಲೇಜು ಕಟ್ಟಿಸಿದ್ದರಲ್ಲೂ ಸತ್ತವರಿಗಾಗಿ ಪ್ರಾರ್ಥಿಸುವ ಉದ್ದೇಶವಿತ್ತು. ಡಾರ್ಬಿಶೈರ್, ನಾಟಿಂಗ್‌ಹ್ಯಾಮ್ ಕಡೆಯ ಮೆದು ಅಲಬಾಸ್ಟರ್ ಕಲ್ಲಿನಲ್ಲಿ ಕಡೆದ ಸರದಾರರೂ ಅವರ ಮಡದಿಯರೂ ಕೈಮುಗಿದೇ ಮಲಗಿದ್ದಾರೆ.

ಹದಿನಾರನೆಯ ಶತಮಾನದಲ್ಲಿ ಪ್ರೊಟೆಸ್ಟೆಂಟ್ ಪಂಥಗಳನ್ನು ಹುಟ್ಟುಹಾಕಿದ ಮತಸುಧಾರಣೆ, ಬದುಕಿರುವವರಿಗೂ ಸತ್ತವರಿಗೂ ಇದ್ದ ಈ ನಂಟನ್ನು ಕಡಿಯಿತು. ಸತ್ತವರಿಗಾಗಿ ಪೂಜೆ ನಡೆಸಲೆಂದು ಬಿಟ್ಟಿದ್ದ ದತ್ತಿಗಳನ್ನು 1547ರ ಕಾಯ್ದೆ ರದ್ದು ಮಾಡಿತು. ಸಮಾಧಿಗಳನ್ನು ಒಡೆಯುವವರ ಹಾವಳಿ ಎಷ್ಟಾಯಿತೆಂದರೆ, 1560ರಲ್ಲಿ ಎಲಿಜಬೆತ್ ರಾಣಿಯೇ ಅದನ್ನು ತಡೆಯಲು ಆಜ್ಞೆ ಹೊರಡಿಸಬೇಕಾಯಿತು: ಇವು ನೆನಪಿಗಾಗಿ ಇರುವಂಥವು, ಆರಾಧನೆಗಲ್ಲ. ಆ ಒಂದು ಮಾತಿನಿಂದ ಸಮಾಧಿಯ ಕೆಲಸವೇ ಬದಲಾಯಿತು ಎಂದು ನನಗನಿಸುತ್ತದೆ. ಬೇಡುವ ಜಾಗದಲ್ಲಿ ಹೊಗಳಿಕೆ ಬಂತು.

ಕವಿ ಜಾನ್ ಡನ್ ಇದಕ್ಕೆ ಹೊರತು. ಸಾಯುವ ಮುನ್ನ ಹೆಣದ ಬಟ್ಟೆ ಸುತ್ತಿಕೊಂಡು ನಿಂತು ಚಿತ್ರ ಬರೆಸಿಕೊಂಡರಂತೆ. ನಿಕೊಲಸ್ ಸ್ಟೋನ್ ಕಡೆದ ಅವರ ಮೂರ್ತಿ 1666ರ ಲಂಡನ್ ಬೆಂಕಿಯನ್ನೂ ದಾಟಿ ಅಲ್ಲಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ನಿಂತಿದೆ.

ಹದಿನೆಂಟನೆಯ ಶತಮಾನದ ಹೊತ್ತಿಗೆ ಸ್ಮಾರಕಕ್ಕೆ ದೇಹವೂ ಬೇಡವಾಯಿತು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆ ಎಂಬ ಚರ್ಚಿನಲ್ಲಿ ಸರ್ ಐರ್ ಕೂಟ್‌ಗೆ ದೊಡ್ಡ ಸ್ಮಾರಕವಿದೆ. 1781ರಲ್ಲಿ ತಮಿಳುನಾಡಿನ ಪೋರ್ಟೊ ನೋವೊದಲ್ಲಿ (ಇಂದಿನ ಪರಂಗಿಪೇಟೆ) ಹೈದರಾಲಿಯ ಸೈನ್ಯವನ್ನು ಸೋಲಿಸಿದ ಸೇನಾಪತಿ ಈತ. ಮದರಾಸಿನಲ್ಲಿ ಸತ್ತ ಆತನ ದೇಹ ಇರುವುದು ಹ್ಯಾಂಪ್‌ಶೈರ್‌ನ ಒಂದು ಹಳ್ಳಿಯಲ್ಲಿ. ಅಬೆಯ ಸ್ಮಾರಕಕ್ಕೆ ಹಣ ಕೊಟ್ಟದ್ದು ಈಸ್ಟ್ ಇಂಡಿಯಾ ಕಂಪನಿ. 1789ರಲ್ಲಿ ಅದನ್ನು ಮುಗಿಸಿದವನು ಶಿಲ್ಪಿ ಥಾಮಸ್ ಬ್ಯಾಂಕ್ಸ್. ವಿಜಯದೇವತೆ ತಾಳೆಮರಕ್ಕೆ ಕೂಟ್‌ನ ಮುಖವಿರುವ ಪದಕ ತೂಗುಹಾಕುತ್ತಿದ್ದಾಳೆ. ಪಕ್ಕದಲ್ಲಿ ಸೆರೆಸಿಕ್ಕ ಭಾರತೀಯನೊಬ್ಬ ಅಳುತ್ತ ಕುಳಿತಿದ್ದಾನೆ. ಅವನಿಗೆ ಹೆಸರಿಲ್ಲ.