ರುಂಪ್ ಸೂತ್ರ: ಪುಡಿ ಉಂಡೆಗಟ್ಟುವ ಲೆಕ್ಕ

ಹಾನ್ಸ್ ರುಂಪ್ (1911–1976) ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಅರೆಯುವ ಯಂತ್ರ ತಯಾರಿಸುವ ಆಲ್ಪೀನೆ ಕಂಪನಿಯಲ್ಲಿದ್ದವರು. 1950ರ ದಶಕದ ಉತ್ತರಾರ್ಧದಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಪ್ರಾಧ್ಯಾಪಕರಾಗಿ ಮೆಕ್ಯಾನಿಕಲ್ ಪ್ರೋಸೆಸ್ ಎಂಜಿನಿಯರಿಂಗ್ (ಅರೆಯುವುದು, ಉಂಡೆಗಟ್ಟುವುದು ಮುಂತಾದ ಪುಡಿ ಕೆಲಸಗಳ ಶಾಸ್ತ್ರ) ಸಂಸ್ಥೆ ಕಟ್ಟಿದರು. ಒಂದೊಂದು ಯಂತ್ರಕ್ಕೂ ಅದರದೇ ಅನುಭವದ ಲೆಕ್ಕವಿದ್ದ ಕಾಲವದು. ಅವರು ಯಂತ್ರವನ್ನು ಪಕ್ಕಕ್ಕಿಟ್ಟು ಕಣವನ್ನು ಹಿಡಿದರು: ಮುಟ್ಟಿಕೊಂಡಿರುವ ಎರಡು ಕಣಗಳ ನಡುವೆ ಎಷ್ಟು ಬಲವಿದೆ?

ಆ ಬಲದಿಂದ ಪುಡಿಯ ಉಂಡೆ ಎಷ್ಟು ಗಟ್ಟಿ ಎಂದು ಹೇಳುವ, 1958ರಲ್ಲಿ ಪ್ರಕಟವಾದ ಸೂತ್ರದ ಸರಳ ರೂಪ ಇದು: ರಂಧ್ರತೆಯನ್ನು (ಉಂಡೆಯ ಒಟ್ಟು ಪರಿಮಾಣದಲ್ಲಿ ಕಣಗಳ ನಡುವಿನ ಖಾಲಿ ಜಾಗದ ಪಾಲು) 1ರಿಂದ ಕಳೆಯಿರಿ, ಬಂದದ್ದನ್ನು ರಂಧ್ರತೆಯಿಂದಲೇ ಭಾಗಿಸಿ, ಅದನ್ನು ಒಂದು ಸಂಪರ್ಕದ ಬಲದಿಂದ ಗುಣಿಸಿ, ಕಣದ ವ್ಯಾಸದ ವರ್ಗದಿಂದ ಭಾಗಿಸಿ. ಸಿಗುವುದು ಉಂಡೆಯ ಕರ್ಷಕ ಸಾಮರ್ಥ್ಯ, ಅಂದರೆ ಎಳೆದು ಹರಿಯಲು ಬೇಕಾದ ಒತ್ತಡ. ಒಂದು ಕಣಕ್ಕೆ ಎಷ್ಟು ನೆರೆಕಣಗಳು ಎಂಬ ಸಂಖ್ಯೆ ಇಲ್ಲಿ ಕಾಣದಿರಲು ಕಾರಣವಿದೆ. ಆ ಸಂಖ್ಯೆಯನ್ನು ರಂಧ್ರತೆಯಿಂದ ಗುಣಿಸಿದರೆ ಹೆಚ್ಚುಕಡಿಮೆ 3.1 ಬರುತ್ತದೆ, ಹಾಗಾಗಿ ಅದರ ಜಾಗದಲ್ಲಿ ರಂಧ್ರತೆಯೇ ಸಾಕು. ಒತ್ತೊತ್ತಾದ ಜೋಡಣೆಯಲ್ಲಿ 12 × 0.26 = 3.12, ಒಂದರ ಮೇಲೊಂದು ನೇರವಾಗಿ ಪೇರಿಸಿದ ಚೌಕ ಜೋಡಣೆಯಲ್ಲಿ 6 × 0.476 = 2.86.

ಲೆಕ್ಕ ಹಾಕೋಣ. ಕಣ 10 ಮೈಕ್ರೋಮೀಟರ್, ರಂಧ್ರತೆ 0.4. ನುಣುಪಾದ ಒಣ ಗೋಲಗಳ ನಡುವಿನ ವ್ಯಾನ್ ಡರ್ ವಾಲ್ಸ್ ಬಲ (ತೀರ ಹತ್ತಿರವಿರುವ ಅಣುಗಳ ನಡುವಿನ ಸೆಳೆತ) ಸುಮಾರು 0.26 ಮೈಕ್ರೋನ್ಯೂಟನ್ ಎಂದಿಟ್ಟುಕೊಂಡರೆ ಸಾಮರ್ಥ್ಯ 3.9 ಕಿಲೋಪಾಸ್ಕಲ್. ಬಲ ಅತ್ಯಲ್ಪ ಅನ್ನಿಸಬಹುದು. ಆದರೆ ಮರಳಿನಷ್ಟು ಸಾಂದ್ರತೆಯ ಅಂಥ ಕಣದ ತೂಕದ 20,000 ಪಟ್ಟು ಅದು. ನುಣ್ಣನೆ ಪುಡಿ ಹಾಪರ್‌ನಲ್ಲಿ (ಕೆಳಗೆ ಕಿರಿದಾಗುವ ತೊಟ್ಟಿಯಲ್ಲಿ) ಕೆಳಗಿಳಿಯದೆ ಕಮಾನು ಕಟ್ಟಿ ನಿಲ್ಲುವುದು ಇದಕ್ಕೇ. ರಂಧ್ರಗಳಲ್ಲಿ ನೀರು ತುಂಬಿಸಿದರೆ ಬೇರೆ ಸೂತ್ರ: 6 × 1.5 × ಮೇಲ್ಮೈ ಎಳೆತ ÷ ವ್ಯಾಸ (1.5 ಎಂಬುದು ಮೇಲಿನ 0.6 ÷ 0.4), ಅಂದರೆ ಸುಮಾರು 65 ಕಿಲೋಪಾಸ್ಕಲ್.

ನೀರು ಎಷ್ಟು? ಸಾಂದ್ರತೆ ಘನಮೀಟರಿಗೆ 2,500 ಕೆ.ಜಿ. ಇರುವ 1 ಕೆ.ಜಿ. ಪುಡಿಯಲ್ಲಿ ಕಣಗಳ ಪರಿಮಾಣ 400 ಮಿ.ಲೀ., ರಂಧ್ರಗಳದ್ದು 267 ಮಿ.ಲೀ. 67 ಮಿ.ಲೀ.ವರೆಗೆ ಕಣಗಳ ನಡುವೆ ಬಿಡಿ ನೀರಸೇತುವೆಗಳು ಮಾತ್ರ. ಗಟ್ಟಿತನ ತುಂಬಿದ ಸ್ಥಿತಿಯ ಮೂರನೇ ಒಂದು ಭಾಗದಷ್ಟು. 213 ದಾಟಿದ ಮೇಲೆ ಕೇಶನಾಳ ಸ್ಥಿತಿ, ಅಂದರೆ ರಂಧ್ರಗಳೆಲ್ಲ ಹೆಚ್ಚುಕಡಿಮೆ ತುಂಬಿದ ಸ್ಥಿತಿ. 267 ದಾಟಿದರೆ ಮೇಲ್ಮೈ ಎಳೆತ ಹಿಡಿಯುವ ಜಾಗವೇ ಉಳಿಯದೆ ಎಲ್ಲ ಅಂಬಲಿ. ಹಾಗಾಗಿ ಕೊನೆಯ ನೀರನ್ನು ಸುರಿಯಬಾರದು, ಸಿಂಪಡಿಸಬೇಕು. ಒಣಗಿಸಿದಾಗ ಈ ಸೇತುವೆಗಳು ಹೋಗುತ್ತವೆ. ನೀರಿನಲ್ಲಿ ಕರಗಿದ್ದು ಹರಳಾಗಿ ಉಳಿದರಷ್ಟೇ ಉಂಡೆ ಗಟ್ಟಿಯಾಗಿ ನಿಲ್ಲುತ್ತದೆ. ತೇವ ಹೀರಿ ಒಣಗಿದ ಯೂರಿಯಾ ಚೀಲ ಕಲ್ಲಾಗುವುದೂ ಹೀಗೆಯೇ, ಅಲ್ಲಿ ನಮಗೆ ಬೇಡದಿದ್ದರೂ.

ಪರೀಕ್ಷೆಯಲ್ಲಿ ಹೆಚ್ಚಿನವರು ಎಡವುವುದು ವ್ಯಾಸದಲ್ಲಿ. ಮಿಶ್ರ ಗಾತ್ರದ ಪುಡಿಗೆ ಸಾದಾ ಸರಾಸರಿ ಹಾಕಬೇಡಿ, ಸೌಟರ್ ವ್ಯಾಸ ಹಾಕಿ (ಇಡೀ ಪುಡಿಯಷ್ಟೇ ಪರಿಮಾಣ–ಮೇಲ್ಮೈ ಅನುಪಾತವಿರುವ ಗೋಲದ ವ್ಯಾಸ). ಪ್ರಯೋಗಾಲಯದಲ್ಲಿ ಉತ್ತರ ಸೂತ್ರಕ್ಕಿಂತ ಕಡಿಮೆ ಬಂದರೆ ಗಾಬರಿ ಬೇಡ: ಕಣದ ಮೈ ಒರಟಾಗಿದ್ದರೆ ವ್ಯಾನ್ ಡರ್ ವಾಲ್ಸ್ ಬಲ ಕುಸಿಯುತ್ತದೆ. ಜೊತೆಗೆ, ಸೂತ್ರ ಎಲ್ಲ ಸಂಪರ್ಕಗಳೂ ಒಟ್ಟಿಗೇ ಬಿಡುತ್ತವೆ ಎಂದುಕೊಳ್ಳುತ್ತದೆ. ನಿಜವಾದ ಉಂಡೆ ಒಂದು ಬಿರುಕಿನಿಂದ ಸೀಳುತ್ತಾ ಹೋಗುತ್ತದೆ.

ರುಂಪ್ ಅವರ ಶಿಷ್ಯ ಕ್ಲೌಸ್ ಶೋನರ್ಟ್ ಕಣಗಳ ಹಾಸನ್ನು ಎರಡು ರೋಲರ್‌ಗಳ ನಡುವೆ 50 ಮೆಗಾಪಾಸ್ಕಲ್ ಮೀರಿ ಒತ್ತಿ ಅರೆಯುವ ವಿಧಾನ ತಂದರು. ಸಿಮೆಂಟ್ ಕಾರ್ಖಾನೆಗಳಲ್ಲಿ ಈಗಲೂ ಅದಿದೆ. ಅಲ್ಲಿಂದ ಹೊರಬರುವುದು ಪುಡಿಯಲ್ಲ, ಒತ್ತಿದ ಬಿಲ್ಲೆ. ಅದನ್ನು ಬಿಡಿಸಿ ಪುಡಿ ಮಾಡಲು ಇನ್ನೊಂದು ಯಂತ್ರ ಬೇಕು.